ಅಪ್ಪನ ತೋಳು, ಗಾಡಿಯ ಸ್ಟೇರಿಂಗ್

ಹೋದ ಎಳ್ಳಮಾಸಿ ದಿನ ಹೊಲದಾಗ ಅಪ್ಪ ಆಡಿದ ಒಂದು ಮಾತು ಇನ್ನಾ ನನ್ನ ತಲಿಯಾಗಿಂದ ಹೋಗವಲ್ದು. ಚರಗ ಚೆಲ್ಲಿ, ಸಜ್ಜಿ ಕಡಬು, ಭಜ್ಜಿ ಪಲ್ಯ, ಅಂಬಲಿ ಎಲ್ಲಾ ಉಂಡು, ಗಿಡದ ನೆಳ್ಳಿಗಿ ಸ್ವಲ್ಪ ಹೊತ್ತು ಅಡ್ಡಾಗಿ, ಸಂಜಿ ಮುಂದ ಎಲ್ಲರೂ ಹೊಂಟಾಗ ಬಂಡಿ ದಾರ್ಯಾಗ ನಮ್ಮ ಗಾಡಿ ಹಿಂದ ಎರಡು ಟ್ರ್ಯಾಕ್ಟರ್ ನಿಂತಿದ್ವು. ಗಾಡಿ ಬದುವಿನ ಕಡಿ ತೊಗೊಂಡು ತಿರುಗಿಸ್ಬೇಕಿತ್ತು. ಅಪ್ಪ ಕೀಲಿ ತಂದು ನನ್ನ ಕೈಯಾಗ ಇಟ್ರು, "ನೀನೇ ತಿರುಗಿಸವ್ವಾ" ಅಂದ್ರು. ನನಗ ಅಲ್ಲೇ ಏನೋ ಅನಿಸ್ತು, ಯಾಕಂದ್ರ ಆ ಗಾಡಿ ಕೀಲಿ ಅಪ್ಪ ತಾವಾಗೇ ಯಾರಿಗೂ ಕೊಟ್ಟವರಲ್ಲ, ನನ್ನ ಮದುವ್ಯಾಗೂ ಅವರೇ ಓಡಿಸ್ಕೊಂಡು ಬಂದಿದ್ರು. ಕುಂತು ಸ್ಟಾರ್ಟ್ ಮಾಡಿ ಸ್ಟೇರಿಂಗ್ ತಿರುಗಿಸಿದೆ, ಬರ್ಲಿಲ್ಲ. ಎರಡೂ ಕೈ ಹಾಕಿ ಭುಜ ಕೊಟ್ಟು ಜಗ್ಗಿದ ಮ್ಯಾಲ ಬಂತು, ಜೋಡಿಗಿ ಬಾನೆಟ್ ಒಳಗಿಂದ ಗುಂಯ್ ಅಂತ ಒಂದು ಸದ್ದು, ಯಾವ್ದೋ ದೊಡ್ಡ ದುಂಬಿ ಡಬ್ಬ್ಯಾಗ ಸಿಕ್ಕಂಗ. "ಅಪ್ಪಾ, ಇದೇನು ಇಷ್ಟು ಭಾರ ಅದ?" ಅಂದೆ. ಅಪ್ಪ ಕಿಟಕಿ ಹತ್ರ ಬಗ್ಗಿ ನಿಂತಿದ್ರು. "ಭಾರ ಅದ ಏನು ಖರೇನೇ? ನಾ ನನ್ನ ತೋಳಿನ್ಯಾಗೇ ಕಸುವು ಹೋಗ್ಯಾದ ಅಂತ ತಿಳ್ಕೊಂಡಿದ್ದೆ ನೋಡವ್ವಾ" ಅಂದ್ರು.

ಅಪ್ಪಗ ಈಗ ಎಪ್ಪತ್ತು. ಸಾಲಿ ಮಾಸ್ತರ್ ಆಗಿ ರಿಟೈರ್ ಆದವರು. ಗಾಡಿ 2006ರ ಡೀಸೆಲ್ ಸೆಡಾನ್, ಕೆಎ 32 ನಂಬರಿನದು, ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಒಂದು ವರ್ಷದಿಂದ ಅವರು ಗಾಡಿ ತೆಗಿಯೋದು ಕಡಿಮಿ ಮಾಡಿದ್ರು. ಮೊದಲ ಸೂಪರ್ ಮಾರ್ಕೆಟ್ ಕಡಿ ಹೋಗೋದು ಬಿಟ್ರು, ಅಲ್ಲಿ ಪಾರ್ಕಿಂಗ್ ಸಿಗಂಗಿಲ್ಲ ಅಂದ್ರು, ನಾವು ಹೌದು ಅಂದ್ವಿ. ಆಮ್ಯಾಲ ಗಂಜ್ ಬಜಾರಿಗೂ ಆಟೋದಾಗ ಹೋಗ್ಲತ್ತಿದ್ರು. ಅವ್ವ ದಿನಾ ರಾತ್ರಿ ಬಲಗಡಿ ಭುಜಕ್ಕ ಎಣ್ಣಿ ಕಾಯಿಸಿ ತಿಕ್ತಿದ್ಳು. ಡಾಕ್ಟರ್ ವಯಸ್ಸಿನ ಸವಕಳಿ ಅಂದ್ರು. ನಾನೂ ಇದೇ ಕಲಬುರಗ್ಯಾಗ ಇದ್ದೀನಿ, ಸ್ಕೂಟಿ ಮ್ಯಾಲ ಬ್ಯಾಂಕಿಗಿ ಹೋಗ್ತೀನಿ ಬರ್ತೀನಿ, ವಾರಕ್ಕೆರಡು ಸಲ ತವರಮನಿಗಿ ಹೋಗ್ತೀನಿ, ಒಂದು ಸಲ ಆದ್ರೂ ಆ ಸ್ಟೇರಿಂಗ್ ಹಿಡಿದು ನೋಡಿದ್ದಿಲ್ಲ. ವಯಸ್ಸಾಯ್ತು ಅನ್ನೋದು ಎಲ್ಲದಕ್ಕೂ ಸರಿಹೊಂದೋ ಉತ್ತರ ಆಗಿಬಿಟ್ಟಿತ್ತು ನಮಗ, ಅವರಿಗೂ.

ದಿನಾ ಹಿಡಿಯೋರಿಗಿ ತಿಳಿಯಂಗಿಲ್ಲ

ಪವರ್ ಸ್ಟೇರಿಂಗ್ ಅಂದ್ರ, ಇಂಜಿನ್ ಬೆಲ್ಟಿನಿಂದ ತಿರುಗೋ ಒಂದು ಪಂಪ್ ಆಯಿಲ್ ಒತ್ತಿ, ಸ್ಟೇರಿಂಗ್ ತಿರುಗಿಸೋ ಕೈಗಿ ಸಹಾಯ ಮಾಡೋ ಪದ್ಧತಿ. ಅದು ಒಮ್ಮೆಲೇ ಕೆಡೋದು ಕಡಿಮಿ. ಬೆಲ್ಟ್ ಹರಿದ್ರ, ಪೈಪ್ ಒಡೆದ್ರ ಆ ಕ್ಷಣಕ್ಕೇ ಗೊತ್ತಾಗ್ತದ, ಗಾಡಿ ಕಲ್ಲಾಗ್ತದ. ಆದ್ರ ಹಳೆ ಗಾಡ್ಯಾಗ ಜಾಸ್ತಿ ಆಗೋದು ಇನ್ನೊಂದು ಥರ, ಇವತ್ತಿಗಿಂತ ನಾಳಿಗಿ ಕೂದಲೆಳಿಯಷ್ಟು ಭಾರ, ನಾಡಿದ್ದಿಗಿ ಇನ್ನೊಂದು ಕೂದಲೆಳಿ. ದಿನಾ ಅದೇ ಗಾಡಿ ಓಡಿಸೋ ಮನುಷ್ಯಾಗ ಅದು ತಿಳಿಯೋದೇ ಇಲ್ಲ, ಅವನ ಕೈ ಅದಕ್ಕ ಹೊಂದ್ಕೊಂಡು ಹೋಗ್ತದ, ಕೈಗಿ ಆಗದಿದ್ದಾಗ ಅವ ತನ್ನ ಕೈಯನ್ನೇ ಬೈತಾನ. ಬ್ಯಾರೆಯವ್ರು ಒಂದು ಸಲ ಹಿಡಿದ್ರ ಐದು ನಿಮಿಷದಾಗ ಹೇಳ್ತಾರ. ಅದಕ್ಕ ನಾ ಈಗ ಯಾರ ಮನಿಗಿ ಹೋದ್ರೂ, ಹಳೆ ಗಾಡಿ ಇದ್ರ, ವಯಸ್ಸಾದವ್ರು ಓಡಿಸ್ತಿದ್ರ, ಒಂದು ಸಲ ನಾ ತಿರುಗಿಸಿ ನೋಡ್ಲೇನ್ರಿ ಅಂತ ಕೇಳ್ತೀನಿ.

ಇನ್ನೊಂದು ಕಾರಣ ಅದ. ಸ್ಟೇರಿಂಗಿಗಿ ಸಹಾಯ ಬೇಕಾಗೋದೇ ಗಾಡಿ ನಿಂತಾಗ, ಇಲ್ಲಾ ನಡೆಯೋ ಮನುಷ್ಯನ ಸ್ಪೀಡಿನ್ಯಾಗ ಇದ್ದಾಗ, ಅವಾಗ ಟೈರ್ ಉರುಳದೆ ನೆಲಕ್ಕ ಉಜ್ಜಿಕೊಂಡು ತಿರುಗ್ತದ. ಅದೇ ಹೊತ್ತಿಗಿ ಇಂಜಿನ್ ಐಡಲಿಂಗ್‌ನ್ಯಾಗ ಇರ್ತದ, ಪಂಪ್ ಅದರ ಬೆಲ್ಟಿಗೇ ಕಟ್ಟಿರೋದ್ರಿಂದ ಅದೂ ನಿಧಾನಕ್ಕ ತಿರುಗ್ತಿರ್ತದ. ಬೇಕಾದಾಗ ಜಾಸ್ತಿ ಬೇಕು, ಸಿಗೋದು ಕಡಿಮಿ. ಹಂಗಾಗಿ ಪಂಪಿನ ಸಣ್ಣ ದೌರ್ಬಲ್ಯನೂ ಪಾರ್ಕಿಂಗ್‌ನ್ಯಾಗೇ ಮೊದಲ ಕಾಣೋದು, ಹುಮನಾಬಾದ್ ರೋಡಿನ್ಯಾಗ ಅರವತ್ತರಾಗ ಹೊಂಟಾಗ ಗಾಡಿ ಹೂವಿನಂಗೇ ಇರ್ತದ. ಅಪ್ಪ ಸೂಪರ್ ಮಾರ್ಕೆಟ್ ಬಿಟ್ಟು ಬರೇ ರಿಂಗ್ ರೋಡ್ ಹಿಡಿದು ಹೊಲಕ್ಕ ಹೋಗಿ ಬರ್ತಿದ್ದಿದ್ದು ಈಗ ನನಗ ಅರ್ಥ ಆಗ್ತದ.

ನಮ್ಮ ಸೋದರ ಮಾವ ಒಬ್ರು ಹಿಂದ ಲಾರಿ ಓಡಿಸ್ತಿದ್ರು. ಆಗಿನ ಲಾರಿಗಿ ಪವರ್ ಇರಲಿಲ್ಲ, ಅದಕ್ಕೇ ಸ್ಟೇರಿಂಗ್ ಚಕ್ರ ಅಷ್ಟು ದೊಡ್ಡದು, ದೊಡ್ಡದಿದ್ದಷ್ಟೂ ಕೈಗಿ ಹಿಡಿತ ಸಿಗ್ತದ. ತಿರುವಿನ್ಯಾಗ ಸೀಟಿನಿಂದ ಅರ್ಧ ಎದ್ದು ಮೈಭಾರ ಎಲ್ಲಾ ಹಾಕಿ ತಿರುಗಿಸೋರು ಅವರು. ಅಮೆರಿಕದಾಗ ಫ್ರಾನ್ಸಿಸ್ ಡೇವಿಸ್ ಅನ್ನೋ ಇಂಜಿನಿಯರ್ 1920ರ ದಶಕದಾಗೇ ಆಯಿಲ್ ಪ್ರೆಶರ್‌ನಿಂದ ಸ್ಟೇರಿಂಗ್ ಹಗೂರ ಮಾಡೋದು ತೋರಿಸಿದ್ದ, ಅವನೂ ಟ್ರಕ್ ಕಂಪನ್ಯಾಗ ಕೆಲಸ ಮಾಡಿದವ್ನೇ. ಆದ್ರ ಮಾರೋ ಕಾರಿನ್ಯಾಗ ಅದು ಬಂದಿದ್ದು 1951ಕ್ಕ, ಕ್ರೈಸ್ಲರ್ ಇಂಪೀರಿಯಲ್‌ನ್ಯಾಗ. ನಮ್ಮ ಮಾವನ ತೋಳಿನ ತನ ಅದು ಬಂದು ಮುಟ್ಟೋದ್ರೊಳಗ ಅವರು ರಿಟೈರ್ ಆಗಿದ್ರು.

ಪಂಪ್ ಹೋಗ್ಯಾದ ಅಂದ್ರು

ಎಳ್ಳಮಾಸಿ ಆದ ವಾರದಾಗೇ ಗಾಡಿ ಒಂದು ಗ್ಯಾರೇಜಿಗಿ ಬಿಟ್ವಿ. ಹುಡುಗ ಬಾನೆಟ್ ತೆಗೆದ, ಸ್ಟೇರಿಂಗ್ ಒಂದು ಸಲ ತಿರುಗಿಸಿದ, ಗುಂಯ್ ಅಂತು, "ಪಂಪ್ ಹೋಗ್ಯಾದ್ರಿ ಮೇಡಂ" ಅಂದ. ಎರಡು ನಿಮಿಷ ಹಿಡೀಲಿಲ್ಲ. ನನಗೂ ಅದು ಸರಿನೇ ಅನಿಸ್ತು, ಸದ್ದು ಬರೋದು ಪಂಪಿನಿಂದ, ಅಂದ್ಮ್ಯಾಲ ಕೆಟ್ಟಿರೋದು ಪಂಪೇ. ರಿಕಂಡೀಶನ್ ಪಂಪ್, ಹೊಸ ಆಯಿಲ್, ಕೂಲಿ ಎಲ್ಲಾ ಸೇರಿ 8,500 ರೂಪಾಯಿ ಆಯ್ತು. ಮನಿಗಿ ತಂದಾಗ ಹಗೂರ ಇತ್ತು, ಸದ್ದಿಲ್ಲ. ಅಪ್ಪ ಓಣ್ಯಾಗ ಎರಡು ಸುತ್ತು ಹಾಕಿದ್ರು. ಹದಿನೈದು ದಿನಕ್ಕ ಮತ್ತ ಗುಂಯ್. ಮತ್ತ ತೊಗೊಂಡು ಹೋದ್ರ ಈ ಸಲ "ರ್ಯಾಕ್ ಬದಲಿಸ್ಬೇಕ್ರಿ" ಅಂದ್ರು. ರ್ಯಾಕ್ ಅಂದ್ರ ಸ್ಟೇರಿಂಗ್ ತಿರುಗಿಸಿದ್ದನ್ನ ಮುಂದಿನ ಗಾಲಿಗಿ ಮುಟ್ಟಿಸೋ ಭಾಗ, ಅದರ ರೇಟ್ ಕೇಳಿ ಅಪ್ಪ ಸುಮ್ನೆ ಎದ್ದು ಬಂದ್ರು. ದಾರ್ಯಾಗ ಅವರು ಹೇಳಿದ್ದು ಇಷ್ಟೇ, "ಮಾರಿಬಿಡಮು ಅವ್ವಾ, ನನಗೂ ಆಗಂಗಿಲ್ಲ, ಅದಕ್ಕೂ ಆಗಂಗಿಲ್ಲ." ಆ ಮಾತಿಗಿ ನನಗ ಬಂದ ಸಂಕಟಕ್ಕೇ ನಾ ಈ ವಿಷಯ ಕಲೀಲಾಕ ಕುಂತಿದ್ದು.

ಆ ಗ್ಯಾರೇಜಿನವ್ರು ಮೋಸ ಮಾಡ್ಯಾರ ಅಂತ ನಾ ಅನ್ನಂಗಿಲ್ಲ. ಅವರು ಕೇಳಲಿಲ್ಲ, ಅಷ್ಟೇ ನನ್ನ ತಕರಾರು. ಯಾವಾಗ ಭಾರ ಆಗ್ತದ, ಮುಂಜಾನಿ ಆಗ್ತದೋ ಮಧ್ಯಾಹ್ನ ಆಗ್ತದೋ, ಎಡಕ್ಕೋ ಬಲಕ್ಕೋ, ಸದ್ದು ಮೊದಲ ಬಂತೋ ಭಾರ ಮೊದಲ ಬಂತೋ, ಗಾಡಿ ಓಡಿಸೋರು ಯಾರು. ಒಂದೂ ಕೇಳಲಿಲ್ಲ, ನನಗೂ ಹೇಳ್ಬೇಕಂತ ಗೊತ್ತಿದ್ದಿಲ್ಲ.

ಉಸ್ತಾದ್ ಕೇಳಿದ್ದು

ಬ್ಯಾಂಕಿನ ಒಬ್ರು ಕಸ್ಟಮರ್ ಹೇಳಿದ್ದಕ್ಕ ರಿಂಗ್ ರೋಡಿನ ಬಾಜೂಕ ಒಂದು ತಗಡಿನ ಶೆಡ್ಡಿಗಿ ಹೋದ್ವಿ. ಬೋರ್ಡ್ ಸುದ್ದಾ ಇಲ್ಲ. ಉಸ್ತಾದ್ ಅಪ್ಪಗಿಂತ ನಾಲ್ಕೈದು ವರ್ಷ ಸಣ್ಣವ್ರು ಇರಬಹುದು, ಕಣ್ಣಿಗಿ ದಪ್ಪ ಚಷ್ಮಾ. ನಾ ಪಂಪ್, ರ್ಯಾಕ್ ಅಂತ ಎಲ್ಲಾ ಹೇಳ್ಲತ್ತಿದ್ದೆ, ಅವರು ಕೈ ಅಡ್ಡ ಮಾಡಿ, "ಬೇಟಾ, ಗಾಡಿ ಯಾರು ಓಡಿಸ್ತಾರ?" ಅಂದ್ರು. ಅಪ್ಪ ಅಂದೆ. ಅಪ್ಪನ ಕಡಿ ತಿರುಗಿ, "ಮಾಸ್ತರೆ, ನೀವು ಹೇಳ್ರಿ" ಅಂತ ಒಂದು ಸ್ಟೂಲ್ ಕೊಟ್ಟು ಕುಂದ್ರಿಸಿದ್ರು. ಹತ್ತು ನಿಮಿಷ ಅಪ್ಪನೇ ಮಾತಾಡಿದ್ರು. ನನಗ ಗೊತ್ತಿಲ್ಲದ್ದು ಎಷ್ಟು ಇತ್ತು ಅಂದ್ರ, ಮುಂಜಾನಿ ಸ್ಟಾರ್ಟ್ ಮಾಡಿದ ಮೊದಲ ಎರಡು ನಿಮಿಷ ಸದ್ದು ಜಾಸ್ತಿ, ಆಮ್ಯಾಲ ಇಳೀತದ, ತಿರುಗಿಸುವಾಗ ಒಮ್ಮೊಮ್ಮೆ ಹಗೂರ ಒಮ್ಮೊಮ್ಮೆ ಭಾರ, ಕೈಯಾಗ ಥರಥರ ಅಂತದ, ಆದ್ರ ಎರಡೂ ಕಡಿ ಒಂದೇ ಥರ. ಮನಿ ಮುಂದ ಶಹಾಬಾದ್ ಕಲ್ಲಿನ ಹಾಸು ಅದ, ಅದರ ಮ್ಯಾಲ ಒಂದು ಹನಿ ಆಯಿಲ್ ಬಿದ್ದಿಲ್ಲ, ಅದನ್ನೂ ಅಪ್ಪ ಹೇಳಿದ್ರು, ದಿನಾ ಮುಂಜಾನಿ ನೋಡ್ತಿದ್ರಂತ. ಇಷ್ಟೆಲ್ಲಾ ನೋಡಿ ಇಟ್ಕೊಂಡಿದ್ದವರು ನಮಗ ಯಾಕ ಹೇಳಲಿಲ್ಲ ಅಂದ್ರ, ನಾವೂ ಕೇಳಿದ್ದಿಲ್ಲ.

ಆಮ್ಯಾಲ ಉಸ್ತಾದ್ ಮಾಡಿದ್ದು ನೋಡ್ರಿ. "ಪೈಲೆ ಹವಾ ನೋಡಮು" ಅಂತ ಮುಂದಿನ ಎರಡು ಗಾಲಿಗಿ ಗೇಜ್ ಹಚ್ಚಿದ್ರು. ಬಾಗಿಲ ಹತ್ರ ಇರೋ ಸ್ಟಿಕ್ಕರ್‌ನ್ಯಾಗ 30 ಪಿಎಸ್‌ಐ ಅಂತದ, ಒಂದರಾಗ 21 ಇತ್ತು, ಒಂದರಾಗ 23. ಹವಾ ಕಡಿಮಿ ಇದ್ರ ಟೈರ್ ನೆಲಕ್ಕ ಹಾಸ್ಕೊಂಡು ಕುಂದರ್ತದ, ತಿರುಗಿಸೋದು ಭಾರ ಆಗೇ ಆಗ್ತದ, ಪಂಪ್ ಎಷ್ಟೇ ಹೊಸದಿರ್ಲಿ. ಹವಾ ತುಂಬಿಸಿ ಮುಂದಿನ ಭಾಗ ಜಾಕ್ ಹಾಕಿ ಎತ್ತಿ, ಕೆಳಗ ಸ್ಟ್ಯಾಂಡ್ ಕೊಟ್ಟು, ಇಂಜಿನ್ ಬಂದ್ ಇಟ್ಟು, ಅಪ್ಪನ್ನೇ ಒಳಗ ಕುಂದ್ರಿಸಿ ಈ ಕಡಿಯಿಂದ ಆ ಕಡಿ ತನ ನಿಧಾನ ತಿರುಗಿಸ್ಲಾಕ ಹೇಳಿದ್ರು. ಗಾಲಿ ನೆಲ ಬಿಟ್ಟಿರೋದ್ರಿಂದ ಇಂಜಿನ್ ಇಲ್ಲದೇನೂ ಕೈಯಾಗ ತಿರುಗ್ಬೇಕು, ಎಲ್ಲೂ ತಡೀಬಾರ್ದು. ಇಲ್ಲೇ ಗಟ್ಟಿ ಆದ್ರ ತಪ್ಪು ಆಯಿಲ್‌ದಲ್ಲ, ಸ್ಟೇರಿಂಗ್ ರಾಡಿನ ಜಾಯಿಂಟ್ ತುಕ್ಕು ಹಿಡಿದಿರ್ಬಹುದು, ಬಾಲ್ ಜಾಯಿಂಟ್ ಬಿಗಿದಿರ್ಬಹುದು, ಸಸ್ಪೆನ್ಷನ್ ಮ್ಯಾಲಿನ ಬೇರಿಂಗ್ ಹೋಗಿರ್ಬಹುದು. ನಮ್ದು ಬೆಣ್ಣ್ಯಂಗ ತಿರುಗ್ತು. ಒಂದು ರೂಪಾಯಿ ಸಾಮಾನು ಬಿಚ್ಚದೆ ಅರ್ಧ ಅನುಮಾನ ಹೋಗಿದ್ವು.

ಗಾಡಿ ಹಂಗೇ ಎತ್ತಿದ್ದಾಗ ಇಂಜಿನ್ ಸ್ಟಾರ್ಟ್ ಮಾಡಿಸಿ, ಬಾನೆಟ್ ಒಳಗಿನ ಸ್ಟೇರಿಂಗ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು ಟಾರ್ಚ್ ಬಿಟ್ರು. ನನ್ನ ಕರೆದು ತೋರಿಸಿದ್ರು. ಆಯಿಲ್ ಕೆಂಪಗ ತಿಳಿ ಇರಬೇಕಾಗಿದ್ದು ಗುಲಾಬಿ ಹಾಲಿನಂಗ ಆಗಿತ್ತು, ಮ್ಯಾಲ ನೊರಿ. ಅಪ್ಪ ಸ್ಟೇರಿಂಗ್ ತಿರುಗಿಸಿದಂಗೆಲ್ಲಾ ನೊರಿ ಏಳ್ತಿತ್ತು. "ಹವಾ ಕುಡೀಲತ್ತದ ಬೇಟಾ" ಅಂದ್ರು. ಆಯಿಲ್ ಒತ್ತಿದ್ರ ಕುಗ್ಗಂಗಿಲ್ಲ, ಅದಕ್ಕೇ ಅದರಿಂದ ಬಲ ಸಾಗ್ತದ. ಗಾಳಿ ಸೇರಿದ್ರ ಗಾಳಿ ಕುಗ್ತದ, ಪಂಪಿನ ಬಲ ಎಲ್ಲಾ ಆ ಗುಳ್ಳಿ ಒತ್ತೋದ್ರಾಗೇ ಹೋಗ್ತದ, ಕೈಯಾಗ ಥರಥರ ಬರೋದು ಅದಕ್ಕ. ಗುಂಯ್ ಅನ್ನೋದು ಪಂಪಿನ ದನಿ ಖರೆ, ಆದ್ರ ಪಂಪ್ ಕೆಟ್ಟು ಅಳ್ಲತ್ತದೋ, ತಿನ್ನಲಾಕ ಬರೇ ಗಾಳಿ ಸಿಕ್ಕು ಅಳ್ಲತ್ತದೋ ಅನ್ನೋದು ಸದ್ದಿನಿಂದ ಒಂದೇ ತಿಳಿಯಂಗಿಲ್ಲ.

ಗಾಳಿ ಎಲ್ಲಿಂದ? ನಾ ಕೇಳಿದ ಪ್ರಶ್ನಿ ಇದೇ, ತೂತು ಇದ್ರ ಆಯಿಲ್ ಹೊರಗ ಸೋರಬೇಕಲ್ಲ, ಮನಿ ಮುಂದಿನ ಕಲ್ಲು ಒಣಾ ಅದ. ಉಸ್ತಾದ್ ಡಬ್ಬಿಯಿಂದ ಪಂಪಿಗಿ ಹೋಗೋ ದಪ್ಪ ರಬ್ಬರ್ ಪೈಪ್ ಮುಟ್ಟಿ ತೋರಿಸಿದ್ರು. ಪಂಪಿನಿಂದ ರ್ಯಾಕಿಗಿ ಹೋಗೋ ಪೈಪಿನ್ಯಾಗ ಪ್ರೆಶರ್ ಭಾಳ, ಸಣ್ಣ ಕಾರಿನ್ಯಾಗೂ ಪೂರಾ ಕಡಿಗಿ ತಿರುಗಿಸಿದ್ರ 70, 80 ಬಾರ್ ತನ ಹೋಗ್ತದ (ಬಾರ್ ಅನ್ನೋದೂ ಪಿಎಸ್‌ಐ ಥರ ಪ್ರೆಶರ್ ಅಳತಿ, ಕಾರಿನ ಟೈರಿನ ಆ 30 ಪಿಎಸ್‌ಐ ಹವಾ ಅಂದ್ರ ಬರೇ 2 ಬಾರ್), ಅಲ್ಲಿ ತೂತಾದ್ರ ಹೊರಗ ಚಿಮ್ತದ. ಆದ್ರ ಡಬ್ಬಿ ಕಡಿಯಿಂದ ಬರೋ ಪೈಪಿನ್ಯಾಗ ಪಂಪ್ ಎಳ್ಕೊಳ್ತದ, ಅಲ್ಲಿ ಸಣ್ಣ ಬಿರುಕಿದ್ರ ಆಯಿಲ್ ಹೊರಗ ಬರೋಕಿಂತ ಗಾಳಿ ಒಳಗ ಹೋಗ್ತದ. ಹೊರಗ ಹನಿ ಬೀಳದೆ ಒಳಗ ಹಾಳಾಗ್ತದ. ಹದಿನೆಂಟು ವರ್ಷದ ರಬ್ಬರ್, ಇಂಜಿನ್ ಬಿಸಿ, ಮ್ಯಾಲ ನಮ್ಮ ಕಲಬುರಗಿ ಬ್ಯಾಸಿಗಿ, ಆ ಪೈಪ್ ಕಟ್ಟಿಗ್ಯಂಗ ಬಿರುಸಾಗಿತ್ತು, ಕ್ಲಿಪ್ ಎಷ್ಟು ಬಿಗಿದ್ರೂ ಹಿಡ್ಕೊಳ್ಳೋ ಮೆತ್ತಗಿನ ರಬ್ಬರ್ ಉಳಿದಿದ್ದಿಲ್ಲ.

ಆಮ್ಯಾಲ ಅವರು ಮಾಡಿದ್ದು ನಾ ಯಾವತ್ತೂ ಮರಿಯಂಗಿಲ್ಲ. ಬೆರಳಿನ ತುದಿಗಿ ಸ್ವಲ್ಪ ಗ್ರೀಸ್ ತೊಗೊಂಡು, ಇಂಜಿನ್ ಚಾಲೂ ಇದ್ದಾಗೇ, ಬೆಲ್ಟಿನಿಂದ ಕೈ ದೂರ ಇಟ್ಕೊಂಡು, ಪಂಪಿನ ಹತ್ರ ಆ ಪೈಪ್ ಕೂಡೋ ಜಾಗಕ್ಕ ಸುತ್ತಲೂ ಮೆತ್ತಿದ್ರು. ಗುಂಯ್ ಅನ್ನೋದು ಮೊದಲ ಸಣ್ಣಾಯ್ತು, ಸ್ವಲ್ಪ ಹೊತ್ತಿಗಿ ಇನ್ನೂ ಸಣ್ಣಾಯ್ತು. ಅಪ್ಪ ಒಳಗಿಂದ "ಹಗೂರಾಯ್ತಲ್ಲ!" ಅಂತ ಕೂಗಿದ್ರು. ಉಸ್ತಾದ್ ನಗಲಿಲ್ಲ ಏನಿಲ್ಲ, ಚಿಂದಿ ಬಟ್ಟಿಗಿ ಕೈ ಒರಸ್ಕೊಂಡು, "ಪಂಪ್ ಹೊಸದು ಹಾಕಿದವ್ರು ಪೈಪ್ ಹಳೇದೇ ಹಾಕ್ಯಾರ" ಅಂದ್ರು. ಹದಿನೈದು ದಿನ ಸುಮ್ನಿದ್ದಿದ್ದು ಅದಕ್ಕೇ, ಬಿಚ್ಚಿ ಹೊಸದಾಗಿ ಬಿಗಿದಾಗ ಅಷ್ಟು ದಿನ ಹಿಡ್ಕೊಂಡಿತ್ತು.

ಪೈಪ್, ಎರಡು ಕ್ಲಿಪ್, ಹೊಸ ಆಯಿಲ್, ಕೂಲಿ ಸೇರಿ 1,100 ರೂಪಾಯಿ. ಆಯಿಲ್ ಹಾಕಿದ ಮ್ಯಾಲ ಗಾಳಿ ತೆಗಿಯೋ ಕೆಲಸ ಅಪ್ಪನ ಕೈಯಾಗೇ ಮಾಡಿಸಿದ್ರು, ಗಾಲಿ ಎತ್ತಿದ್ದಂಗೇ, ಇಂಜಿನ್ ಬಂದ್ ಇಟ್ಟು, ಈ ತುದಿಯಿಂದ ಆ ತುದಿ ಇಪ್ಪತ್ತು ಸಲ, ನಡುವ ನಡುವ ಡಬ್ಯಾಗ ಆಯಿಲ್ ಇಳಿದಂಗ ಹಾಕ್ಕೊಂತ. ಗುಳ್ಳಿ ಬರೋದು ನಿಂತ ಮ್ಯಾಲೇ ಇಂಜಿನ್ ಸ್ಟಾರ್ಟ್. ಅವಸರ ಮಾಡಿ ಮೊದಲೇ ಸ್ಟಾರ್ಟ್ ಮಾಡಿದ್ರ ಪಂಪ್ ಆ ಗಾಳಿಯನ್ನ ಆಯಿಲ್ ಜೋಡಿ ಕಡೆದು ಮಜ್ಜಿಗಿ ಮಾಡಿಬಿಡ್ತದ, ಆಮ್ಯಾಲ ಗಂಟೆಗಟ್ಟಲೆ ಕಾಯ್ಬೇಕು.

ಸದ್ದು, ನೊರಿ, ಮಗ್ಗಲು

ನಮ್ಮ ಗಾಡಿ ರೋಗ ಎಲ್ಲಾ ಗಾಡಿಗಿ ಅಲ್ಲ. ಆವತ್ತು ಅಲ್ಲಿ ಕುಂತು ಕೇಳಿದ್ದು, ಆಮ್ಯಾಲ ಓದಿ ತಿಳ್ಕೊಂಡಿದ್ದು ಸ್ವಲ್ಪ ಬರೀತೀನಿ, ಯಾರಿಗಾದ್ರೂ ಬೇಕಾಗಬಹುದು. ಮುಂಜಾನಿ ಸ್ಟಾರ್ಟ್ ಮಾಡಿ ತಿರುಗಿಸಿದ ಕೂಡ್ಲೆ ಕಿರ್ ಅಂತ ಚೀರಿದ್ರ ಅದು ಗುಂಯ್ ಅಲ್ಲ, ಅದು ಬೆಲ್ಟ್ ಜಾರೋ ಸದ್ದು, ಬಿಗಿಸಿದ್ರ ಇಲ್ಲಾ ಬದಲಿಸಿದ್ರ ಮುಗೀತು. ಎಡಕ್ಕ ಹಗೂರ, ಬಲಕ್ಕ ಭಾರ ಅಂತ ಒಂದೇ ಮಗ್ಗಲಿಗಿ ಆದ್ರ ಪಂಪಿನ ಮ್ಯಾಲ ಅನುಮಾನ ಮಾಡಬ್ಯಾಡ್ರಿ, ಪಂಪ್ ಎರಡೂ ಕಡಿಗಿ ಒಂದೇ, ಯಾವ ಕಡಿ ಆಯಿಲ್ ಕಳಿಸ್ಬೇಕಂತ ಹಂಚೋದು ರ್ಯಾಕಿನ ವಾಲ್ವ್, ತಪ್ಪು ಅಲ್ಲೋ, ರ್ಯಾಕ್ ಒಳಗಿನ ಸೀಲಿನ್ಯಾಗೋ ಇರ್ತದ. ಮುಂಜಾನಿ ಥಂಡ್ಯಾಗ ಭಾರ ಇದ್ದು ಗಾಡಿ ಬಿಸಿ ಆದ ಮ್ಯಾಲ ಸರಿ ಆದ್ರ ಅದೂ ಹಳೆ ರ್ಯಾಕಿನ ವಾಲ್ವ್ ಸವೆದ ಲಕ್ಷಣ. ಉಲ್ಟಾ, ಮಧ್ಯಾಹ್ನ ಟ್ರಾಫಿಕ್‌ನ್ಯಾಗ ಜಗತ್ ಸರ್ಕಲ್‌ನ್ಯಾಗ ನಿಂತಾಗ ಭಾರ ಆದ್ರ, ಬಿಸಿಗಿ ಆಯಿಲ್ ನೀರಂಗ ತೆಳ್ಳಗಾಗಿ ಸವೆದ ಪಂಪಿನ ಸಂದಿಯಿಂದ ಜಾರ್ಲತ್ತದ ಅಂತ ಅರ್ಥ, ಅವಾಗ ಪಂಪ್ ಖರೇನೇ ಸುಸ್ತಾಗ್ಯಾದ.

ಆಯಿಲ್ ಕಡಿಮಿ ಆದ್ರ ತುಂಬಿ ಸುಮ್ನಾಗೋರು ಭಾಳ ಮಂದಿ. ಇದು ಇಂಜಿನ್ ಆಯಿಲ್ ಥರ ಸುಟ್ಟು ಹೋಗೋದಲ್ಲ, ಸುತ್ತಿ ಸುತ್ತಿ ಅದೇ ಡಬ್ಬಿಗಿ ಬರೋದು, ಕಡಿಮಿ ಆಯ್ತು ಅಂದ್ರ ಎಲ್ಲೋ ಸೋರ್ಲತ್ತದ. ನೆಲದ ಮ್ಯಾಲ ಕಾಣದಿದ್ರ ರ್ಯಾಕಿನ ಎರಡೂ ತುದ್ಯಾಗ ಮಡಿಕಿ ಮಡಿಕಿ ರಬ್ಬರ್ ಚೀಲ ಅವ ನೋಡ್ರಿ, ಅದನ್ನ ಹಿಚುಕಿದ್ರ ಒಳಗ ಆಯಿಲ್ ತುಂಬಿರ್ತದ. ಆ ಚೀಲ ಹರಿದ್ರ ನಮ್ಮ ಕಡಿ ಜಲ್ದಿ ಬದಲಿಸ್ಬೇಕು, ಎರಿಮಣ್ಣು ಹಸಿ ಇದ್ದಾಗ ಅಂಟ್ಕೊಳ್ತದ, ಒಣಗಿದ ಮ್ಯಾಲ ಉಜ್ಜೋ ಕಾಗದದಂಗ ಆ ನುಣುಪಾದ ರಾಡ್ ಗೀರ್ತದ, ಗೀರಿದ ರಾಡ್ ಸೀಲ್ ಹರೀತದ. ಇನ್ನ ಡಬ್ಬಿಗಿ ಬ್ರೇಕ್ ಆಯಿಲ್ ಹಾಕೋರನ್ನ ನಾ ನೋಡೀನಿ, ದಯವಿಟ್ಟು ಹಾಕಬ್ಯಾಡ್ರಿ, ಅದು ಒಳಗಿನ ಸೀಲ್ ಉಬ್ಬಿಸಿ ಹಾಳ್ ಮಾಡ್ತದ. ಮುಚ್ಚಳದ ಮ್ಯಾಲೋ ಗಾಡಿ ಪುಸ್ತಕದಾಗೋ ಯಾವ ಆಯಿಲ್ ಅಂತ ಬರೆದಿರ್ತದ, ಅದೇ ಹಾಕ್ರಿ. ಪೂರಾ ಕಡಿಗಿ ತಿರುಗಿಸಿ ಹಂಗೇ ಒತ್ತಿ ಹಿಡಿಯೋ ಚಟಾನೂ ಬಿಡ್ರಿ, ಅವಾಗ ಪ್ರೆಶರ್ ಹೆಚ್ಚಾಗಿ ವಾಲ್ವ್ ತೆರೆದು ಆಯಿಲ್ ಪಂಪಿನ್ಯಾಗೇ ಸುತ್ತಿ ಸುತ್ತಿ ಕಾಯ್ತದ.

ಯಾರಾದ್ರೂ ಪಂಪ್ ಬದಲಿಸ್ರಿ ಅಂದ್ರ ಒಂದು ಮಾತು ಕೇಳ್ರಿ, ಪ್ರೆಶರ್ ಎಷ್ಟು ಬಂತು ಅಂತ. ಉಸ್ತಾದ್ ಹತ್ರ ಒಂದು ತಗಡಿನ ಡಬ್ಯಾಗ ಗೇಜ್ ಇತ್ತು, ಪಂಪಿಗೂ ರ್ಯಾಕಿಗೂ ನಡುವ ಹಚ್ಚಿ ಅದರ ನಲ್ಲಿ ಬಂದ್ ಮಾಡಿ ನೋಡ್ತಾರ, ಐದು ಸೆಕೆಂಡಿಗಿಂತ ಜಾಸ್ತಿ ಅಲ್ಲ. ಬಂದ್ ಮಾಡಿದಾಗ ಮುಳ್ಳು ಕಂಪನಿ ಹೇಳಿದ ನಂಬರ್ ತನ ಏರಿದ್ರ ಪಂಪ್ ಗಟ್ಟಿ ಅದ, ತಪ್ಪು ರ್ಯಾಕಿನ ಕಡಿ. ಏರದಿದ್ರ ಪಂಪ್. ಸಾವಿರಾರು ರೂಪಾಯಿ ಸಾಮಾನು ಬಿಚ್ಚೋಕಿಂತ ಮೊದಲ ಐದು ಸೆಕೆಂಡಿನ ಈ ಪರೀಕ್ಷೆ ಮಾಡಿರಿ ಅಂತ ಕೇಳೋದು ನಮ್ಮ ಹಕ್ಕು.

(ಈಗಿನ ಸಣ್ಣ ಗಾಡಿಗೋಳಿಗಿ ಈ ಆಯಿಲ್, ಪಂಪಿನ ಮಾತು ನಡಿಯಂಗಿಲ್ಲ. ಅವುಗಳ ಸ್ಟೇರಿಂಗಿಗಿ ಆಯಿಲ್ ಇಲ್ಲ, ಬೆಲ್ಟ್ ಇಲ್ಲ, ಕರೆಂಟಿನ ಮೋಟಾರ್ ಅದ. 1988ರಾಗ ಸುಜುಕಿ ಸರ್ವೋದಾಗ ಮೊದಲ ಬಂದಿದ್ದು ಆ ಪದ್ಧತಿ. ಅದರಾಗ ಭಾರ ಆಗಿ ಸ್ಟೇರಿಂಗ್ ಚಿತ್ರದ ಲೈಟ್ ಹತ್ತಿದ್ರ ಮೊದಲ ಬ್ಯಾಟರಿ, ಅದರ ಟರ್ಮಿನಲ್, ಚಾರ್ಜಿಂಗ್, ಫ್ಯೂಸ್ ನೋಡ್ಸಿ, ಆಮ್ಯಾಲ ಸ್ಕ್ಯಾನರ್ ಹಚ್ಚಿಸ್ರಿ.)

ಅಪ್ಪನ ಭುಜದ ನೋವು ಪೂರಾ ಹೋಗಿಲ್ಲ, ಅದು ಖರೇನೇ ಸವೆದದ, ಅವ್ವ ಇನ್ನೂ ಎಣ್ಣಿ ತಿಕ್ತಾಳ. ಆದ್ರ ಹೋದ ತಿಂಗಳು ನಾ ಬ್ಯಾಂಕಿನಿಂದ ಹೊರಗ ಬಂದಾಗ ಎದುರಿಗಿ ಎರಡು ಆಟೋ ನಡುವಿನ ಸಣ್ಣ ಜಾಗದಾಗ ಅಪ್ಪ ಒಂದೇ ಸಲಕ್ಕ ಗಾಡಿ ಹಾಕ್ಲತ್ತಿದ್ರು. ನಾ ದೂರದಾಗೇ ನಿಂತು ನೋಡಿದೆ. ಇಳಿದು ಬಂದವ್ರೇ, "ಸೂಪರ್ ಮಾರ್ಕೆಟಿಗಿ ಹೋಗಿ ಬಂದೆ, ಹಂಗೇ ನಿನ್ನ ಕರ್ಕೊಂಡು ಹೋಗಮು ಅಂತ" ಅಂದ್ರು. ಹಿಂದಿನ ಸೀಟಿನ್ಯಾಗ ಪುಂಡಿ ಪಲ್ಯದ ಎರಡು ಕಟ್ಟು ಇದ್ವು, ಪಕ್ಕದಾಗ ಡಬ್ಬಿ ಮುಚ್ಚಳ ಒರೆಸ್ಲಾಕ ಇಟ್ಕೊಂಡಿರೋ ಬಿಳಿ ಬಟ್ಟಿ. ನಾ ಬಾಗಿಲ ತೆಗಿಯೋದ್ರೊಳಗ ಅವರು ಮತ್ತ ಹೇಳಿದ್ರು, "ಮುಂಜಾನಿ ನೋಡೀನಿ, ಆಯಿಲ್ ಮಾರ್ಕಿಗಿ ಅದ, ನೊರಿ ಇಲ್ಲ."